ಕುರಿಯ ಹೊಟ್ಟೆಯ ಹುಳುವಿಗೂ ಒಂದು ಕರುಳಿದೆ

ಕುರಿಗೆ ಜಂತುಹುಳದ ಔಷಧಿ ಕುಡಿಸುವುದು ಕುರಿ ಸಾಕಿದವರಿಗೆಲ್ಲ ಗೊತ್ತು. ಕುಡಿಸಿದ ಔಷಧಿ ಹುಳುವಿನ ಒಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳಿದರೆ ‘ಸಾಯಿಸ್ತದೆ’ ಅಂತೀವಿ, ಅಷ್ಟೆ. ಹೇಗೆ ಸಾಯಿಸುತ್ತದೆ, ಒಂದೊಂದು ಸಲ ಯಾಕೆ ಸಾಯಿಸುವುದಿಲ್ಲ ಅನ್ನುವುದು ತಿಳಿಯಬೇಕಾದರೆ ಹುಳುವಿನ ಕರುಳಿನೊಳಕ್ಕೇ ಇಣುಕಿ ನೋಡಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನು ಇದನ್ನು ಬರೆಯುವುದು ಒಸಿ ಧೈರ್ಯದ ಕೆಲಸವೇ. ನಮ್ಮ ಅಣ್ಣನ ಮಗಳು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ಬರೆದು ನನ್ನ ತಲೆಗೆ ಹತ್ತಿಸಿದಳು. ಬರೆದದ್ದನ್ನು ಅವಳಿಂದ ಓದಿಸಿಯೇ ಕಳಿಸುತ್ತಿದ್ದೇನೆ.

ನಮ್ಮದು ನಂಜನಗೂಡು ತಾಲ್ಲೂಕು, ಕವಲಂದೆ ಕಡೆ. ಮಳೆ ನಂಬಿದ ಮೂರೂವರೆ ಎಕರೆ. ಮೊದಲ ಮಳೆಗೆ ಎಳ್ಳು, ಅಲಸಂದೆ, ಆಮೇಲೆ ರಾಗಿ, ಕಡೆಗೆ ಹುರುಳಿ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಹೆಂಡತಿಯ ತವರು ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕಡೆ. ಬನ್ನೂರು ಕುರಿ ಅಂದರೆ ಹೇಳಬೇಕಾಗಿಲ್ಲ: ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಕುದುರೆ ಲಾಳ ತಿರುಗಿಸಿಟ್ಟ ಹಾಗೆ ಕಾಣುತ್ತದೆ. ಸರ್ಕಾರದ ಪುಸ್ತಕದಲ್ಲಿ ಇದಕ್ಕೆ ಮಂಡ್ಯ ತಳಿ ಎಂದು ಹೆಸರು. ನಮ್ಮ ಮನೆಯ 22 ಕುರಿಯಲ್ಲಿ ಅರ್ಧ ಅಲ್ಲಿಂದಲೇ ಬಂದ ಸಂತಾನ. ನಮ್ಮ ಕುರಿ ಹೊಲದ ಬದು, ಗುಡ್ಡದ ಕಡೆ ಮೇಯುತ್ತವೆ. ನನ್ನ ಬಾವಮೈದನ ಕುರಿ ನಾಲೆ ಏರಿಯ ಮೇಲೆ, ಗದ್ದೆ ಕೊಯ್ದ ಕೂಳೆಯಲ್ಲಿ ಮೇಯುತ್ತವೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಮೂರು ವರ್ಷದ ಹಿಂದೆ ಹಿಂಗಾರು ಬಿಡದೆ ಹಿಡಿಯಿತು. ಹೊಲದ ಬದುವೆಲ್ಲ ಹಸಿರು. ಕುರಿ ಹೊಟ್ಟೆ ತುಂಬ ಮೇದರೂ ಸೊರಗುತ್ತಾ ಬಂದವು. ರೆಪ್ಪೆ ಬಿಡಿಸಿದರೆ ಒಳಗೆ ಬಿಳಿಚಿದ ಬಟ್ಟೆಯ ಬಣ್ಣ. ಎರಡಕ್ಕೆ ಗದ್ದದ ಕೆಳಗೆ ನೀರು ಇಳಿದು ಚೀಲ ಜೋತಾಡುತ್ತಿತ್ತು. ಪಶು ಆಸ್ಪತ್ರೆಯವರು ಹೇಳಿದಂತೆ ಒಂದೊಂದನ್ನೂ ತೂಕ ಮಾಡಿ ಅಲ್ಬೆಂಡಜೋಲ್ ಕುಡಿಸಿದೆ. ಏನೂ ಬದಲಾಗಲಿಲ್ಲ. ಎರಡು ಹೆಣ್ಗುರಿ, ಮೂರು ಮರಿ ಹೋದವು. ನಮ್ಮೂರಿನ ಹಿರಿಯರೊಬ್ಬರು ಹಟ್ಟಿಯ ಹತ್ತಿರ ನಿಂತು, ‘ಈ ಔಷ್ದಿ ಈಗ ನೀರು ಕುಡ್ಸಿದಂಗೆ ಕಣಪ್ಪ, ಹುಳ ಕಲ್ತ್ಕಂಡವೆ’ ಅಂದರು. ಹುಳ ಕಲಿಯುವುದು ಅಂದರೆ ಏನು ಅನ್ನುವುದು ನನ್ನ ತಲೆ ಕೊರೆಯಲು ಶುರುವಾಯಿತು.

ಡಾಕ್ಟರು ಬಂದು ಸತ್ತ ಕುರಿಯ ನಾಲ್ಕನೇ ಹೊಟ್ಟೆ ಸೀಳಿ ತೋರಿಸಿದರು. ಒಳಗೋಡೆಯ ಮೇಲೆ ಒಂದು ಅಂಗುಲಕ್ಕಿಂತ ಚಿಕ್ಕ ಹುಳುಗಳು ಕೂದಲ ಮುದ್ದೆಯ ಹಾಗೆ ಹರಿದಾಡುತ್ತಿದ್ದವು. ಒಂದನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ಕೆಂಪು ದಾರ, ಬಿಳಿ ದಾರ ಸೇರಿಸಿ ಹೊಸೆದ ಹಾಗೆ. ಕೆಂಪಗಿರುವುದು ಹುಳುವಿನ ಕರುಳು, ತುಂಬ ನಮ್ಮ ಕುರಿಯ ರಕ್ತ. ಅದಕ್ಕೆ ಸುತ್ತಿಕೊಂಡ ಬಿಳಿ ದಾರ ಹೆಣ್ಣು ಹುಳುವಿನ ಮೊಟ್ಟೆಯ ಚೀಲ. ಹೆಸರು ಹೀಮಾಂಕಸ್. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲೀ ರಕ್ತ ಕುಡಿಯುತ್ತದೆ. ಒಂದು ಕುರಿಯಲ್ಲಿ ಸಾವಿರ ಹುಳು ಇರುವುದು ಏನೂ ಹೆಚ್ಚಲ್ಲ. ಹಾಗಾದರೆ ದಿನಕ್ಕೆ 50 ಮಿಲೀ ಆಯಿತು. ಒಂದೊಂದು ಹೆಣ್ಣು ದಿನಕ್ಕೆ 5ರಿಂದ 10 ಸಾವಿರ ಮೊಟ್ಟೆ ಇಡುತ್ತದೆ. ಲೆಕ್ಕ ಹಾಕಿದರೆ ಕುರಿ ಸಾಯುವುದಿರಲಿ, ಬದುಕುವುದೇ ಆಶ್ಚರ್ಯ ಅನ್ನಿಸುತ್ತದೆ.

ಇಪ್ಪತ್ತೇ ಕೋಶದ ಕರುಳು

ಕುರಿಯ ಹುಳುವನ್ನು ಅದರ ಹೊಟ್ಟೆಯಿಂದ ಹೊರಗೆ ಸಾಕುವುದು ಕಷ್ಟ. ಆದ್ದರಿಂದ ದುಂಡುಹುಳುವಿನ ಒಳಗಿನ ಸಂಗತಿ ವಿಜ್ಞಾನಿಗಳಿಗೆ ತಿಳಿದದ್ದು ಬಹುಪಾಲು ಇನ್ನೊಂದು ಹುಳುವಿನಿಂದ. ಅದರ ಹೆಸರು ಸಿ. ಎಲೆಗನ್ಸ್. ಕೊಳೆತ ಹಣ್ಣು, ತಿಪ್ಪೆಯಂಥ ಕಡೆ ಬ್ಯಾಕ್ಟೀರಿಯ ತಿಂದುಕೊಂಡು ಬದುಕುತ್ತದೆ. ಬೆಳೆಗೂ ತೊಂದರೆಯಿಲ್ಲ, ಕುರಿಗೂ ಇಲ್ಲ. ಉದ್ದ ಒಂದು ಮಿಲಿಮೀಟರ್. ಮೈ ಗಾಜಿನ ಹಾಗೆ, ಹೊರಗಿನಿಂದಲೇ ಒಳಗಿನದೆಲ್ಲ ಕಾಣುತ್ತದೆ. ಸಿಡ್ನಿ ಬ್ರೆನ್ನರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇದನ್ನು ಸಂಶೋಧನೆಗೆ ಆರಿಸಿಕೊಂಡರು. ಆ ಕೆಲಸಕ್ಕೆ 2002ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದನ್ನು ಸಾಕಿ ಸಂಶೋಧನೆ ಮಾಡುತ್ತಾರೆ. ಕುರಿಯ ಹೀಮಾಂಕಸ್ ಇದಕ್ಕೆ ಹತ್ತಿರದ ನಂಟ. ಅದಕ್ಕೇ ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ದಾರಿ ತೋರಿಸುತ್ತದೆ.

ಈ ಹುಳುವಿನ ಕರುಳಿನಲ್ಲಿ ಇರುವುದು ಇಪ್ಪತ್ತೇ ಜೀವಕೋಶ. ನಮ್ಮ ಹಾಗೆ ಹೊಟ್ಟೆಗೆ ಒಂದು, ಪಿತ್ತಕ್ಕೆ ಒಂದು, ಕೊಬ್ಬು ಕೂಡಿಡಲು ಒಂದು ಎಂದು ಬೇರೆ ಬೇರೆ ಅಂಗ ಅದಕ್ಕಿಲ್ಲ. ಎಲ್ಲವನ್ನೂ ಈ ಇಪ್ಪತ್ತು ಕೋಶವೇ ಮಾಡಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ಕೋಶದ ತುಂಬ ಎಳ್ಳು ಚೆಲ್ಲಿದ ಹಾಗೆ ಕಾಳುಕಾಳು. ಆ ಕಾಳೊಂದೊಂದೂ ಒಂದು ಚೀಲ. ಈ ಚೀಲದ ವಿಷಯವೇ ನಾನು ಹೇಳಲು ಹೊರಟದ್ದು.

ನಮ್ಮ ಮೈಯ ಕೋಶದಲ್ಲಿ, ಕುರಿಯ ಕೋಶದಲ್ಲಿ, ಹುಳುವಿನ ಕೋಶದಲ್ಲಿ ಲೈಸೋಸೋಮ್ ಎಂಬ ಹುಳಿ ಚೀಲ ಇರುತ್ತದೆ. ಬೇಡದ್ದನ್ನು, ಹಳೆಯದಾದದ್ದನ್ನು ಒಳಗೆ ಹಾಕಿಕೊಂಡು ಕರಗಿಸುವುದು ಅದರ ಕೆಲಸ. ಕೋಶದ ತಿಪ್ಪೆಗುಂಡಿ ಅನ್ನಿ. ಇದನ್ನು ಕಂಡುಹಿಡಿದವರು ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡ್ಯೂವ್, 1955ರಲ್ಲಿ. ಹುಳುವಿನ ಕರುಳಿನ ಕಾಳು ಈ ಲೈಸೋಸೋಮಿನ ದಾಯಾದಿ. ಒಂದೇ ಮನೆತನ, ಒಳಗೆ ಹುಳಿಯೂ ಇದೆ, ಆದರೆ ಪಾಲಾಗಿ ಬೇರೆ ಕಸುಬು ಹಿಡಿದಿದೆ. ಇದು ಬರೀ ತಿಪ್ಪೆಗುಂಡಿಯಲ್ಲ, ಕಣಜವೂ ಹೌದು.

ಕಣಜದಲ್ಲಿ ಏನಿಡುತ್ತದೆ? ಒಂದು, ಸತು. ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುತ್ತೇವಲ್ಲ, ಅದೇ ಜಿಂಕು. ಆಹಾರದಲ್ಲಿ ಹೆಚ್ಚಾದರೆ ಈ ಚೀಲಕ್ಕೆ ತುಂಬಿಡುತ್ತದೆ, ಕಡಿಮೆಯಾದರೆ ಅಲ್ಲಿಂದ ತೆಗೆಯುತ್ತದೆ. ಇದು 2012ರಲ್ಲಿ ಗೊತ್ತಾಯಿತು. ಎರಡು, ಹೀಮ್. ರಕ್ತದ ಕೆಂಪಿಗೆ ಕಾರಣವಾದ ವಸ್ತು. ನಾವು, ನಮ್ಮ ಕುರಿ, ಹುರುಳಿ ಗಿಡ ಕೂಡ ಹೀಮನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತೇವೆ. ದುಂಡುಹುಳುವಿಗೆ ಆ ವಿದ್ಯೆ ಇಲ್ಲ. ಹೊರಗಿನಿಂದ ತಿಂದೇ ಪಡೆಯಬೇಕು. ತಿಂದ ಹೀಮನ್ನು ಸಾಗಿಸುವ ಒಂದು ಪ್ರೋಟೀನು ಇದೇ ಚೀಲದ ಗೋಡೆಯಲ್ಲಿ ಕೂತಿದೆ ಎಂದು 2008ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಕುರಿಯ ರಕ್ತದ ಮೇಲೆ ಆ ಹುಳುವಿಗೆ ಯಾಕೆ ಅಷ್ಟು ಆಸೆ ಎಂದು ಇದನ್ನು ಕೇಳಿದ ಮೇಲೆ ನನಗೆ ಅರ್ಧ ಅರ್ಥವಾಯಿತು.

ಇನ್ನೊಂದು ವಿಚಿತ್ರ ಕೇಳಿ. ಸಿ. ಎಲೆಗನ್ಸ್ ಸಾಯುವಾಗ ಅದರ ಕರುಳಿನುದ್ದಕ್ಕೂ ನೀಲಿ ಬೆಳಕು ಹರಿಯುತ್ತದಂತೆ. ವಿಶೇಷ ದೀಪ ಬಿಟ್ಟರೆ ಮಾತ್ರ ಕಾಣುವುದು. ಲಂಡನ್ನಿನವರು 2013ರಲ್ಲಿ ಪ್ರಕಟಿಸಿದರು. ಆ ನೀಲಿ ಬರುವುದು ಕೂಡ ಈ ಚೀಲದೊಳಗೆ ಕೂಡಿಟ್ಟ ವಸ್ತುವಿನಿಂದಲೇ. ರೈತನಿಗೆ ಇದರಿಂದ ಏನೂ ಉಪಯೋಗವಿಲ್ಲ, ಆದರೂ ಕೇಳಿದಾಗ ಮೈ ಜುಮ್ಮೆಂದಿತು.

ಚೀಲ ಹುಟ್ಟುವ ಬಗೆ

‘ಚೀಲ ತಾನಾಗೇ ಆಗೋದಿಲ್ಲ ಚಿಕ್ಕಪ್ಪ, ಅದನ್ನ ಕಟ್ಟಬೇಕು’ ಎಂದು ಹುಡುಗಿ ಬಿಡಿಸಿ ಹೇಳಿದಳು. ನಾನು ಅದನ್ನು ನಂಜನಗೂಡು ಬಸ್ ಸ್ಟ್ಯಾಂಡಿಗೆ ಹೋಲಿಸಿ ನೆನಪಿಟ್ಟುಕೊಂಡೆ.

ಕೋಶದಲ್ಲಿ ತಯಾರಾದ ಪ್ರೋಟೀನುಗಳಲ್ಲಿ ಹಲವು ಗಾಲ್ಜಿ ಎಂಬ ಜಾಗಕ್ಕೆ ಬಂದು ಸೇರುತ್ತವೆ. ಅದೇ ಬಸ್ ಸ್ಟ್ಯಾಂಡು. ಅಲ್ಲಿಂದ ಚಿಕ್ಕ ಚಿಕ್ಕ ಗುಳ್ಳೆಗಳು ಮೊಗ್ಗಿನ ಹಾಗೆ ಉಬ್ಬಿ, ಕಳಚಿಕೊಂಡು ಹೊರಡುತ್ತವೆ. ಅವೇ ಬಸ್ಸು. ಕೆಲವು ಲೈಸೋಸೋಮಿಗೆ ಹೋಗಬೇಕು, ಕೆಲವು ಕರುಳಿನ ಒಳಬದಿಗೆ ಹೋಗಿ ಜೀರ್ಣರಸ ಸುರಿಯಬೇಕು, ಕೆಲವು ನಮ್ಮ ಕಣಜದ ಚೀಲಕ್ಕೆ ಹೋಗಬೇಕು. ಯಾವ ಪ್ರೋಟೀನು ಯಾವ ಬಸ್ಸು ಹತ್ತಬೇಕು ಎಂದು ಕರೆದು ಹತ್ತಿಸುವ ಕಂಡಕ್ಟರು ಬೇಕಲ್ಲ, ಆ ಕೆಲಸಕ್ಕೆ ‘ಎಪಿ–3’ ಎಂಬ ಪ್ರೋಟೀನಿನ ಗುಂಪು ಇದೆ. ಬಸ್ಸಿಗೆ ಬೋರ್ಡು ಬೇಕಲ್ಲ, ಅದು ‘ಗ್ಲೋ–1’. ಬೋರ್ಡು ಇದ್ದರೆ ಸಾಲದು, ಅದನ್ನು ತಿರುಗಿಸಿ ನೆಟ್ಟಗೆ ನಿಲ್ಲಿಸುವವನು ಬೇಕು, ಅದು ‘ಗ್ಲೋ–4’. ಕೊನೆಗೆ ಊರು ಬಂದಾಗ ಬಸ್ಸನ್ನು ನಿಲ್ದಾಣಕ್ಕೆ ತಾಗಿಸಿ ಬಾಗಿಲಿಗೆ ಬಾಗಿಲು ಸೇರಿಸಬೇಕು, ಗುಳ್ಳೆ ಚೀಲದೊಳಗೆ ಬೆರೆಯಬೇಕು. ಅದಕ್ಕೆ ‘ಹಾಪ್ಸ್’ ಎಂಬ ಇನ್ನೊಂದು ಗುಂಪು. ಹೀಗೆ ಗುಳ್ಳೆ ಗುಳ್ಳೆ ಬಂದು ಸೇರಿ ಚೀಲ ಬೆಳೆಯುತ್ತದೆ, ಒಳಗೆ ಹುಳಿಯಾಗುತ್ತದೆ, ಸರಕು ತುಂಬುತ್ತದೆ. ಹುಳು ಇನ್ನೂ ಮೊಟ್ಟೆಯೊಳಗೆ ಇರುವಾಗಲೇ ಈ ಕೆಲಸ ಶುರುವಾಗಿರುತ್ತದೆ.

ಇದು ಗೊತ್ತಾದದ್ದು ಕೆಟ್ಟ ಹುಳುಗಳಿಂದ. ಅಮೆರಿಕದ ಒರೆಗಾನ್‌ನ ಲೂಯಿಸ್ ಅಂಡ್ ಕ್ಲಾರ್ಕ್ ಕಾಲೇಜಿನ ಗ್ರೆಗ್ ಹರ್ಮನ್ ಮತ್ತು ಜೊತೆಗಾರರು ಕಾಳಿಲ್ಲದ ಹುಳುಗಳನ್ನು ಹುಡುಕಿ ಆರಿಸಿದರು. ನಾವು ಹೊಲದಲ್ಲಿ ಬೆರಕೆ ತೆನೆ ಆರಿಸುವ ಹಾಗೆ. 2005ರಲ್ಲಿ ಅವರು ಪ್ರಕಟಿಸಿದ್ದರಲ್ಲಿ ನನಗೆ ಹಿಡಿಸಿದ್ದು ಇದು: ಗ್ಲೋ–1 ಇಲ್ಲದ ಹುಳುವಿನಲ್ಲಿ ಚೀಲ ಇರಲಿಲ್ಲ, ಚೀಲದ ಒಳಗಿರಬೇಕಾದ ಸರಕು ಕರುಳಿನ ಕೊಳವೆಯಲ್ಲಿ ಚೆಲ್ಲಿಕೊಂಡಿತ್ತು. ಬೋರ್ಡಿಲ್ಲದ ಬಸ್ಸು ನರಸೀಪುರಕ್ಕೆ ಹೋಗುವ ಬದಲು ಜನರನ್ನು ಹೊಳೆದಂಡೆಯಲ್ಲಿ ಇಳಿಸಿ ಬಂದ ಹಾಗೆ. ಅಂಥ ಹುಳು ಸಾಯುವುದಿಲ್ಲ, ಆದರೆ ಹೆಚ್ಚು ಸತು ತಿನ್ನಿಸಿದರೆ ತಾಳುವುದಿಲ್ಲ.

ಈ ಕಂಡಕ್ಟರು, ಬೋರ್ಡು ಎಲ್ಲ ಹುಳುವಿಗೆ ಮಾತ್ರ ಅಲ್ಲ. ನಮ್ಮ ಚರ್ಮ, ಕೂದಲಿಗೆ ಬಣ್ಣ ಕೊಡುವ ಕಾಳೂ ಲೈಸೋಸೋಮಿನ ದಾಯಾದಿಯೇ. ಗಾಯವಾದಾಗ ರಕ್ತ ನಿಲ್ಲಿಸುವ ಕಣದೊಳಗಿನ ಕಾಳೂ ಅದೇ. ಎಪಿ–3ಯಂಥ ಭಾಗ ಹುಟ್ಟಿನಿಂದಲೇ ಕೆಟ್ಟಿರುವ ಮನುಷ್ಯರಿಗೆ ಮೈ ಬಿಳಿಚಾಗಿ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಇದನ್ನು 1959ರಲ್ಲಿ ಪ್ರಾಗ್ ನಗರದ ಹರ್ಮಾನ್ಸ್ಕಿ, ಪುಡ್ಲಾಕ್ ಎಂಬ ಇಬ್ಬರು ವೈದ್ಯರು ಮೊದಲು ಬರೆದರು. ಜಪಾನಿನ ಕಪ್ಪು ದನದಲ್ಲೂ ಇದಕ್ಕೆ ಹತ್ತಿರದ ಒಂದು ಕಾಯಿಲೆ ಇದೆ: ಕೂದಲು ಮಾಸಲು, ರಕ್ತ ಸೋರಿದರೆ ನಿಲ್ಲದು. ಹುಳುವಿನ ಕರುಳು ಕೆದಕಿದವರಿಗೆ ಮನುಷ್ಯನ ಕಾಯಿಲೆ, ದನದ ಕಾಯಿಲೆ ಎರಡೂ ಸಿಕ್ಕಿದವು.

ಔಷಧಿ ಕೈಹಾಕುವ ಜಾಗ

ಬಸ್ಸು ಆಯಿತು, ಬೋರ್ಡು ಆಯಿತು. ಓಡಾಡಲು ರಸ್ತೆ? ಕೋಶದೊಳಗೆ ರಸ್ತೆಯೂ ಇದೆ. ಟ್ಯುಬುಲಿನ್ ಎಂಬ ಪ್ರೋಟೀನಿನ ಇಟ್ಟಿಗೆ ಜೋಡಿಸಿ ಕಟ್ಟಿದ ಸಣ್ಣ ಸಣ್ಣ ಕೊಳವೆಗಳ ಮೇಲೆ ಗುಳ್ಳೆಗಳು ಸಾಗುತ್ತವೆ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಅಂಟಿಕೊಳ್ಳುವುದು ಈ ಇಟ್ಟಿಗೆಗೆ. ಅಂಟಿದ ಮೇಲೆ ಹೊಸ ರಸ್ತೆ ಕಟ್ಟಲಾಗುವುದಿಲ್ಲ, ಹಳೇ ರಸ್ತೆ ಕಳಚಿಬೀಳುತ್ತದೆ. ಕುರಿಯ ಟ್ಯುಬುಲಿನ್‌ಗೆ ಅದು ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ, ಅದಕ್ಕೇ ಕುರಿ ಉಳಿಯುತ್ತದೆ, ಹುಳು ಸಾಯುತ್ತದೆ.

ಹೀಮಾಂಕಸ್ ಹುಳುವಿನಲ್ಲೇ ಇದನ್ನು ನೋಡಿದ್ದಾರೆ. 2000ದಲ್ಲಿ ಅಮೆರಿಕದಿಂದ ಬಂದ ವರದಿಯ ಪ್ರಕಾರ, ಫೆನ್‌ಬೆಂಡಜೋಲ್ ಬಿದ್ದ ಹುಳುವಿನ ಕರುಳಿನ ಕೋಶದಲ್ಲಿ ಗುಳ್ಳೆಗಳು ಅಂಚಿಗೆ ಹೋಗಲಾರದೆ ಅಲ್ಲಲ್ಲೇ ಸಿಕ್ಕಿಕೊಂಡವು. ಆಮೇಲೆ ಕರುಳಿನ ಕೋಶಗಳೇ ಕರಗಿಹೋದವು. ಒಂದು ಮಾತು ಸ್ಪಷ್ಟವಿರಲಿ: ಅಲ್ಲಿ ಸಿಕ್ಕಿಕೊಂಡದ್ದು ಜೀರ್ಣರಸ ಸುರಿಯಲು ಹೊರಟ ಗುಳ್ಳೆ, ಕಣಜದ ಚೀಲವಲ್ಲ. ಆದರೆ ಎರಡಕ್ಕೂ ಹೊರಡುವ ಸ್ಟ್ಯಾಂಡು ಒಂದೇ.

ಈಗ ‘ಹುಳ ಕಲ್ತ್ಕಂಡವೆ’ ಅನ್ನುವ ಮಾತಿಗೆ ಬರೋಣ. ಹುಳು ಕಲಿಯುವುದಿಲ್ಲ. ಟ್ಯುಬುಲಿನ್ ಅಂದರೆ ಮಣಿ ಪೋಣಿಸಿದ ಸರದ ಹಾಗೆ. ಅದರ 200ನೇ ಮಣಿ ಬದಲಾಗಿ ಹುಟ್ಟಿದ ಹುಳು ಎಲ್ಲೋ ಒಂದೆರಡು ಇರುತ್ತದೆ. ಆ ಒಂದು ಮಣಿ ಬದಲಾದರೆ ಔಷಧಿಗೆ ಹಿಡಿತ ಸಿಗುವುದಿಲ್ಲ, ಹುಳುವಿನ ರಸ್ತೆ ಮಾತ್ರ ಮೊದಲಿನಂತೆಯೇ ಇರುತ್ತದೆ. ಔಷಧಿ ಕುಡಿಸಿದಾಗ ಮಿಕ್ಕವೆಲ್ಲ ಸತ್ತು ಅದೊಂದು ಉಳಿಯುತ್ತದೆ, ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಕಳೆ ನಾಶಕಕ್ಕೆ ಜಗ್ಗದ ಒಂದು ಗಿಡ ಬೀಜ ಉದುರಿಸಿದ ಹಾಗೆ. ಇದು ಹೊಸ ಸುದ್ದಿಯೇನೂ ಅಲ್ಲ. ಈ ಜಾತಿಯ ಮೊದಲ ಔಷಧಿ ಥಯಾಬೆಂಡಜೋಲ್ ಬಂದದ್ದು 1961ರಲ್ಲಿ. ಅದಕ್ಕೆ ಸಾಯದ ಹೀಮಾಂಕಸ್ ಅಮೆರಿಕದಲ್ಲಿ ಕಂಡದ್ದು 1964ರಲ್ಲಿ.

ಇಲ್ಲೊಂದು ಕೋಪದ ಮಾತು. ಅಲ್ಬೆಂಡಜೋಲ್ ಕೆಲಸ ಮಾಡಲಿಲ್ಲ ಎಂದು ಒಂದು ಔಷಧಿ ಅಂಗಡಿಯಲ್ಲಿ ಹೇಳಿದ್ದಕ್ಕೆ, ‘ಹಂಗಾರೆ ಇದು ತಗೊಳಿ, ಬೇರೆ, ಸ್ಟ್ರಾಂಗು’ ಎಂದು ದುಬಾರಿ ಬಾಟಲಿ ಕೊಟ್ಟರು. ಹುಡುಗಿ ಲೇಬಲ್ಲು ಓದಿದಳು. ಕಂಪನಿ ಬೇರೆ, ಬಾಟಲಿ ಬಣ್ಣ ಬೇರೆ, ಒಳಗಿದ್ದದ್ದು ಫೆನ್‌ಬೆಂಡಜೋಲ್. ಕೈಹಾಕುವುದು ಅದೇ ಇಟ್ಟಿಗೆಗೆ. ಹೆಸರಿನ ಕೊನೆಗೆ ‘ಬೆಂಡಜೋಲ್’ ಅಂತಿದ್ದರೆ ಎಲ್ಲ ಅಣ್ಣತಮ್ಮಂದಿರೇ. ಒಂದಕ್ಕೆ ಸಾಯದ ಹುಳು ಇನ್ನೊಂದಕ್ಕೂ ಸಾಯುವುದಿಲ್ಲ. ದಯವಿಟ್ಟು ದೊಡ್ಡಕ್ಷರ ಬಿಟ್ಟು ಸಣ್ಣಕ್ಷರ ಓದಿಸಿ.

ಡಾಕ್ಟರು ಲೆವಮಿಸೋಲ್ ಬರೆದುಕೊಟ್ಟರು. ಅದಕ್ಕೂ ಕರುಳಿಗೂ ಸಂಬಂಧವಿಲ್ಲ, ಹುಳುವಿನ ನರಕ್ಕೆ ಹೊಡೆದು ಮೈ ಸೆಟೆಸುತ್ತದೆ, ಹಿಡಿತ ತಪ್ಪಿದ ಹುಳು ಹೊರಗೆ ಹೋಗುತ್ತದೆ. ನಮ್ಮ ಹಿಂಡು ಉಳಿಯಿತು. ಇದರ ಅಳತೆ ಹೆಚ್ಚಾದರೆ ಕುರಿಗೇ ಅಪಾಯ, ಡಾಕ್ಟರನ್ನು ಕೇಳದೆ ಕುಡಿಸಬೇಡಿ. ಹಾಗೆಯೇ ಗಬ್ಬವಾದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಕುಡಿಸಬಾರದು, ಹೊಟ್ಟೆಯ ಮರಿ ಊನವಾಗಬಹುದು.

ಈಗ ನಾವು ಮಾಡುತ್ತಿರುವುದು

ಹಿಂಡಿಗೆಲ್ಲ ಒಂದೇ ದಿನ ಔಷಧಿ ಕುಡಿಸುವುದನ್ನು ಬಿಟ್ಟಿದ್ದೇವೆ. ಹಿಂಡಿನ ಹುಳುವಿನಲ್ಲಿ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿ ಇರುತ್ತದೆ. ಅವನ್ನು ಗುರುತಿಸುವುದಕ್ಕೆ ಕಣ್ಣಿನ ರೆಪ್ಪೆ ಸಾಕು. ದಕ್ಷಿಣ ಆಫ್ರಿಕದವರು ‘ಫಮಾಚ’ ಎಂಬ ಐದು ಬಣ್ಣದ ಚೀಟಿ ಮಾಡಿದ್ದಾರೆ. ಕೆಂಪು ಒಂದು, ಬಿಳಿ ಐದು. ನಾಲ್ಕು, ಐದಕ್ಕೆ ಔಷಧಿ ಬೇಕೇ ಬೇಕು. ಮೂರಿದ್ದು ಕುರಿ ಸೊರಗಿದ್ದರೆ ಅಥವಾ ಮರಿಯಾದರೆ ಕೊಡುತ್ತೇವೆ. ಒಂದು, ಎರಡು ಇದ್ದವಕ್ಕೆ ಇಲ್ಲ. ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಬೆಳಗಿನ ಬೆಳಕಿನಲ್ಲಿ ನೋಡುತ್ತೇವೆ. ಔಷಧಿ ಕಾಣದ ಕುರಿಯ ಹುಳುವಿನಲ್ಲಿ ಮಣಿ ಬದಲಾಗದವು ಹೆಚ್ಚು. ಅವು ಉಳಿದು, ಬದಲಾದ ಹುಳುವಿನ ಜೊತೆ ಕೂಡಿ ಸಂತತಿ ಬೆಳೆಸಿದರೆ ಔಷಧಿಯ ಆಯುಸ್ಸು ಹೆಚ್ಚುತ್ತದೆ. ಹುಳು ಉಳಿಸುವುದಾ ಎಂದು ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ರೆಪ್ಪೆಯ ಗುರುತು ರಕ್ತ ಹೀರುವ ಹುಳುವಿಗೆ ಮಾತ್ರ ಎಂಬುದು ಗೊತ್ತಿರಲಿ. ಭೇದಿ, ಕೆಮ್ಮು ಇದ್ದರೆ ಬೇರೆ ಕಾರಣ ನೋಡಬೇಕು.

ಮೇವಿನ ವಿಷಯ. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ತೇವದಲ್ಲಿ ಒಂದು ವಾರದೊಳಗೆ ಮರಿಹುಳುವಾಗಿ ಹುಲ್ಲು ಹತ್ತುತ್ತದೆ. ಬಹುಪಾಲು ನೆಲದಿಂದ ಮೂರು ನಾಲ್ಕು ಅಂಗುಲದೊಳಗೇ ಇರುತ್ತವೆ. ಕುರಿ ತಿಂದ ಮೂರು ವಾರಕ್ಕೆ ಅದು ಮೊಟ್ಟೆ ಇಡಲು ತಯಾರು. ಒಣ ಬಿಸಿಲು ಅದಕ್ಕೆ ಆಗದು. ನಮ್ಮ ಬರಡು ಗುಡ್ಡ ಈ ಲೆಕ್ಕದಲ್ಲಿ ದೇವರು ಕೊಟ್ಟ ಔಷಧಿ. ಬಾವಮೈದನ ನಾಲೆ ಏರಿ ವರ್ಷವಿಡೀ ಹಸಿ, ಅಲ್ಲಿ ಹುಳುವಿಗೆ ರಜವೇ ಇಲ್ಲ. ಅವನು ಈಗ ಇಬ್ಬನಿ ಆರುವವರೆಗೆ ಕುರಿ ಬಿಡುವುದಿಲ್ಲ, ಮರಿಗಳಿಗೆ ಸುಬಾಬುಲ್, ಗ್ಲಿರಿಸೀಡಿಯ ಸೊಪ್ಪು ಕಡಿದು ಎತ್ತರಕ್ಕೆ ಕಟ್ಟುತ್ತಾನೆ. ಬೇರೆ ಕಡೆಯಿಂದ ಕುರಿ ತಂದರೆ ಹಿಂಡಿಗೆ ಸೇರಿಸುವ ಮುಂಚೆ ಇಬ್ಬರೂ ಹಿಕ್ಕೆ ಪರೀಕ್ಷೆ ಮಾಡಿಸುತ್ತೇವೆ.

ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇದೇ ಹಿಕ್ಕೆ ಪರೀಕ್ಷೆಯೇ ದಾರಿ. ಕುಡಿಸುವ ದಿನ ಒಮ್ಮೆ, 14 ದಿನದ ಮೇಲೆ ಒಮ್ಮೆ ಅದೇ ಕುರಿಗಳ ಹಿಕ್ಕೆಯಲ್ಲಿ ಮೊಟ್ಟೆ ಎಣಿಸುತ್ತಾರೆ. ನೂರಕ್ಕೆ 95 ಭಾಗ ಕಡಿಮೆಯಾಗಬೇಕು. ಆ ವರ್ಷ ಅಲ್ಬೆಂಡಜೋಲ್ ಕುಡಿಸಿದ ನಮ್ಮ ಕುರಿಗಳಲ್ಲಿ ಅರ್ಧವೂ ಇಳಿದಿರಲಿಲ್ಲ. ಹಿಕ್ಕೆಯನ್ನು ನೆಲದಿಂದ ಬಾಚಬೇಡಿ, ಮಣ್ಣಿನ ಹುಳು ಸೇರಿ ಲೆಕ್ಕ ಕೆಡುತ್ತದೆ. ಕುರಿ ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಗುದದಿಂದಲೇ ಹತ್ತು ಹನ್ನೆರಡು ಹಿಕ್ಕೆ ತೆಗೆದು ಚೀಲವನ್ನು ಹಾಗೇ ತಿರುಗಿಸಿ ಗಾಳಿ ಹೊರಗೆ ಹಾಕಿ ಗಂಟು ಹಾಕಿ. ಮೇಲೆ ಕುರಿಯ ಗುರುತು ಬರೆಯಿರಿ. ಬಿಸಿಲಿಗೆ ಇಟ್ಟರೆ ಮೊಟ್ಟೆ ಒಡೆದು ಮರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಅದೇ ಬೆಳಗ್ಗೆ ಪಶು ಆಸ್ಪತ್ರೆಗೆ ಮುಟ್ಟಿಸಿ.